ಮಲಗಿದ್ದ ಕಾದಂಬರಿಕಾರ

"ಏಯ್... ಬಕೆಟ್ ಎತ್ತೋ! ಒಳಗೆ ಮನುಷ್ಯ ಇದ್ದೀನಿ!"

ಜೆಸಿಬಿಯ ಹಲ್ಲು ನನ್ನ ತಲೆಯಿಂದ ಮೊಳ ದೂರದಲ್ಲಿ ನಿಂತಿತು. ನಾನಿದ್ದದ್ದು ಸಮಾಧಿಯೊಳಗೆ.

ನನ್ನದಲ್ಲ... ಆಗಿನ್ನೂ ನನ್ನದಾಗಿರಲಿಲ್ಲ!

ಅದು ಕಾದಂಬರಿಕಾರ ಸಿದ್ದೇಶ್ವರನದು. ನಾಡಿಗೆಲ್ಲ ಗೊತ್ತಿದ್ದ ಹೆಸರು. ಸತ್ತು ಮೂವತ್ತೈದು ವರ್ಷವಾದರೂ ಸತ್ತದ್ದು ಹೇಗೆಂದು ಮಾತ್ರ ಗೊತ್ತಿಲ್ಲ. ರಸ್ತೆ ಅಗಲ ಮಾಡಲು ಶಾಂತಿಗ್ರಾಮದ ಬಳಿ ಅವತ್ತು ಸಮಾಧಿ ತೆಗೆಯುತ್ತಿದ್ದರು. ಚಪ್ಪಡಿ ಎದ್ದದ್ದೇ ತಡ, ನಾನು ಒಳಗೆ ಹಾರಿದ್ದೆ.

ಅದನ್ನು ಪತ್ತೆ ಮಾಡುವ ಕೆಲಸ ಕೊಟ್ಟವರು ಅವನ ಹೆಂಡತಿ ನೀಲಗಂಗಮ್ಮ.

"ಅತ್ಗೆ ಅರಕಲಗೂಡಿನ ತವರಿಂದ ಬೆಳಗಿನ ಬಸ್ಸಿಗೆ ಬಂದ್ರು, ಕಾಫಿ ಕೊಟ್ರು, ಅಣ್ಣ ಕುಡ್ದೋನೇ ನನ್ ತೊಡೆ ಮೇಲೆ ಪ್ರಾಣ ಬಿಟ್ಟ..." ಸಿದ್ದೇಶ್ವರನ ತಮ್ಮ ನಂಜಯ್ಯ ಊರಿಗೆ ಹೇಳಿದ ಕತೆ ಇದು. ಅಂದಿನಿಂದ ಆಕೆ ಗಂಡನಿಗೆ ವಿಷ ಹಾಕಿದವರು.

"ಅವ್ರ ಮೊಕ ನೋಡಕ್ಕೂ ಬಿಡ್ನಿಲ್ಲ ಕಣಪ್ಪ. ನಾ ಸಾಯೋದ್ರೊಳಗೆ ಈ ಮಸಿ ತೊಳ್ದುಕೊಡು" ಅಂದಿದ್ದರು.

ಅವರು ಲಿಂಗಾಯತರು, ಪದ್ಧತಿ ಗೊತ್ತಲ್ಲ ಸಾರ್? ಉಸಿರು ನಿಂತ ಕೂಡಲೇ ಕಾಲು ಮಡಿಸಿ, ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಎಡ ಅಂಗೈಯಲ್ಲಿ ಲಿಂಗ. ಕೂತಂತೆಯೇ ಮಣ್ಣಿಗೆ.

ಸಿದ್ದೇಶ್ವರ ಕೂತಿರಲಿಲ್ಲ.

ಕಾಲು ಚಾಚಿ ಮಲಗಿದ್ದ!

ತಡವಾದರೆ ಹೆಣ ಸೆಟೆದುಕೊಳ್ಳುತ್ತದೆ, ಮಡಚಿದರೆ ಬಗ್ಗುವುದಿಲ್ಲ. ಬೆಳಿಗ್ಗೆ ತಮ್ಮನ ತೊಡೆ ಮೇಲೆ ಸತ್ತಿದ್ದರೆ ಆಗಲೇ ಕೂರಿಸುತ್ತಿದ್ದರು. ಅಂದರೆ ಸತ್ತದ್ದು ಹಿಂದಿನ ಸಂಜೆ. ಆಗ ಹೆಂಡತಿ ಇದ್ದದ್ದು ಅರಕಲಗೂಡಿನಲ್ಲಿ. ಹೆಣ ಕಾಫಿ ಕುಡಿಯುತ್ತದಾ?

ಫೋಟೋ ತೆಗೆದೆನಾ ಅಂತೀರಾ? ಫೋನ್ ಬೈಕಿನಲ್ಲಿತ್ತು ಸಾರ್!

"ಯಾವನ್ಲಾ ಅವ್ನು ಗುಂಡೀಲಿ?"

ಮೇಲೆ ನಂಜಯ್ಯ. ವಯಸ್ಸು ಎಪ್ಪತ್ತು ದಾಟಿದೆ, ಗಂಟಲು ಮಾತ್ರ ಲಾರಿ ಹಾರ್ನ್.

"ಡಿಟೆಕ್ಟಿವ್ ಮೋಹನ್‌ಕುಮಾರ್."

"ಅಂಗಾದ್ರೆ ಅಲ್ಲೇ ಇರು. ಎಳೀರ್ಲಾ ಮಣ್ಣ!"

ಎಗರಿದೆ. ಜೋಳದ ಹೊಲ... ಬೈಕು... ಬೆನ್ನಿಗೆ ಅವರ ಜೀಪು! ಡೈರಿ ಪಕ್ಕದ ಸಂದಿಗೆ ನುಗ್ಗಿದೆ. ಜೀಪು ಸಂದಿಯಲ್ಲಿ ಸಿಕ್ಕಿಕೊಂಡಿತು.

ಸುತ್ತಿ ಬಳಸಿ ವಾಪಸ್ ಬಂದಾಗ ಗುಂಡಿ ಖಾಲಿ. ಮಣ್ಣು ಮೂಳೆ ಸಮೇತ ಟಿಪ್ಪರ್ ಹತ್ತಿ ಹೊಸ ರಸ್ತೆಗೆ ಬಿದ್ದಿತ್ತು. ಮೇಲೆ ರೋಲರ್ ಓಡಾಡುತ್ತಿತ್ತು.

ನನಗೆ ಉಳಿದದ್ದು ಗಂಟಲೊಂದೇ.

ಮಿಮಿಕ್ರಿ ನನ್ನ ಹಳೇ ಕಸುಬು. ಸಿದ್ದೇಶ್ವರನ ರೇಡಿಯೋ ಭಾಷಣ ಕೇಳಿ ಕೇಳಿ ಆ ಮೂಗುದನಿ ನನಗೆ ಬಾಯಿಪಾಠ. ಹೊಸ ನಂಬರಿನಿಂದ ನಂಜಯ್ಯನಿಗೆ ಫೋನ್ ಮಾಡಿದೆ. ರೆಕಾರ್ಡಿಂಗ್ ಆನ್!

"ನಂಜಾ... ನನ್ನ ಕೂರಿಸಲೇ ಇಲ್ವಲ್ಲೋ?"

ಆ ಕಡೆಯಿಂದ ಏದುಸಿರು.

"ಅಣ್ಣಾ... ಸೆಟ್ಕೊಂಡ್‌ಬುಟ್ಟಿತ್ತು ಕಣಣ್ಣಾ! ಕಾಲು ಮಡಚಕ್ಕೇ ಆಗ್ನಿಲ್ಲ. ಕತೇಲಿ ನನ್ನ ಕಳ್ಳ ಅಂತ ಯಾಕ್ ಬರ್ದೆ? ತಳ್ಳಿದ್ದು ಒಂದೇ ಸಲ... ಒಳಕಲ್ಲಿಗೆ ತಲೆ ಬಡೀತದೆ ಅಂತ ನಂಗೇನ್ ಗೊತ್ತು?"

ಸಿಕ್ಕಿದ!

ಹಾಸನದ ಠಾಣೆ. ಇನ್ಸ್‌ಪೆಕ್ಟರ್ ಶಾಂತರಾಜು ಪೂರ್ತಿ ಕೇಳಿ ಚಪ್ಪಾಳೆ ತಟ್ಟಿದರು.

"ಸೂಪರ್ ಕಣ್ರೀ! ಎರಡು ದನೀನೂ ನೀವೇನಾ?"

"ಸಾ, ಒಂದೇ ನಂದು! ಇನ್ನೊಂದು ನಂಜಯ್ಯಂದು!"

"ಹೋದ ಗಣಪತೀಲಿ ಸ್ಟೇಜ್ ಮೇಲೆ ನನ್ ದನೀಲೂ ನನ್ನೆಂಡ್ತಿ ದನೀಲೂ ನೀವೊಬ್ರೇ ಜಗಳ ಆಡಿದ್ರಲ್ಲ... ನಮ್ಮನೇವ್ಳೇ ಮೋಸ ಹೋದ್ಲು. ನಂಜಯ್ಯ ಆಗ್ಲೇ ಕಂಪ್ಲೇಂಟ್ ಕೊಟ್ಟವ್ರೆ, ಸತ್ತೋರ ದನೀಲಿ ಹೆದರಿಸ್ತಾನೆ ಅಂತ. ಹೋಗಿ, ಮೂಳೆ ತನ್ನಿ ನೋಡಾಣ."

ಮೂಳೆಯ ಮೇಲೇ ಬೈಕ್ ಓಡಿಸಿಕೊಂಡು ಬಂದಿದ್ದೆ.

ಅರಕಲಗೂಡು. ನೀಲಗಂಗಮ್ಮ ಹಾಸಿಗೆ ಹಿಡಿದಿದ್ದರು. ಫೋನನ್ನು ಕಿವಿಗಿಟ್ಟೆ. ಗಂಡನ ದನಿ ಬಂದಾಗ ಕಣ್ಣು ಮುಚ್ಚಿದರು. ಮೈದುನನ ದನಿ ಬಂದಾಗ ತೆರೆದರು.

"ನಂಜಯ್ಯನೇ ಒಪ್ಕೊಂಡವ್ನೆ ಕಣಮ್ಮ! ನಿಮ್ಮ ಮೇಲಿನ ಮಸಿ ಹೋಯ್ತು!"

ಅವರು ನನ್ನ ಕೆನ್ನೆ ಸವರಿದರು.

"ಮುದ್ಕಿ ನೆಮ್ದಿಯಾಗಿ ಸಾಯ್ಲಿ ಅಂತ ಏಟ್ ಕಷ್ಟ ಬಿದ್ದಿದ್ದೀಯಪ್ಪ... ಅವ್ರ ದನಿ ಅಂಗೇ ಐತೆ. ನಂಜಯ್ಯಂದು ಮಾತ್ರ ಸರೀಗ್ ಬಂದಿಲ್ಲ ಕಣ್ಮಗ."