ಜಗಲಿಯ ಮೇಲಿನ ಅರ್ಧ ಕೋಲು

ಟಕ್!

ದೇವರ ಮನೆಯಲ್ಲಿ ಬೆತ್ತ ಬಿದ್ದ ಸದ್ದಿಗೆ ಶಿವರಂಜನಿಯ ಕೈಯಲ್ಲಿದ್ದ ತಂಬಿಗೆಯ ನೀರು ತುಳುಕಿತು.

ಹೊಸ್ತಿಲಾಚೆ ಒಬ್ಬ ಅಪರಿಚಿತ ನಿಂತಿದ್ದ. ಹೆಗಲಿಗೆ ಉದ್ದನೆಯ ಕಪ್ಪು ಚೀಲ. ಲಕ್ಷ್ಮೇಶ್ವರದ ನಡುಮಧ್ಯಾಹ್ನದ ಬಿಸಿಲು ಅವನ ಬೆನ್ನ ಹಿಂದೆ ಎಷ್ಟು ಬೆಳ್ಳಗಿತ್ತೆಂದರೆ ಮುಖವೇ ಕಾಣುತ್ತಿರಲಿಲ್ಲ. ಕುಡಿಯಲು ನೀರು ಕೇಳಿದ್ದ, ಅಷ್ಟೆ.

"ಒಳಗ ಏನೋ ಬಿತ್ತರಿ."

"ಇಲಿ ಇರಬೇಕ್ರಿ..."

"ಇಲಿ ಅಲ್ರಿ, ಕೋಲು. ಅದರ ಒಂದ ತುದಿಗೆ ಹಿತ್ತಾಳಿ ಐತಿ. ಮೊದ್ಲ ಮರ ಬಡೀತು, ಆಮ್ಯಾಲ ಹಿತ್ತಾಳಿ."

ಆ ಬೆತ್ತವನ್ನು ಮನೆಯವರ ಹೊರತು ಯಾರೂ ಕಂಡಿರಲಿಲ್ಲ!

ಆದರೆ ಅವಳನ್ನು ನಡುಗಿಸಿದ್ದು ಅದೊಂದೇ ಅಲ್ಲ. ಆ ಬೆತ್ತ ಸುಮ್ಮನೆ ಬೀಳುವುದಿಲ್ಲ. ಅವಳನ್ನು ನೋಡಲು ಗಂಡಿನ ಕಡೆಯವರು ಬಂದಾಗ ಮಾತ್ರ ಬೀಳುತ್ತದೆ.

'ಇವನು ನೀರು ಕೇಳಲು ಬಂದವನು... ಮತ್ತೇಕೆ ಬಿತ್ತು?'

ಅದು ಅಜ್ಜಾರ ಬೆತ್ತ. ಅಜ್ಜಿ ಗದಿಗೆವ್ವನ ಅಕ್ಕ ಕಸ್ತೂರೆವ್ವ ಹರೆಯದಲ್ಲಿ ಬಾಳೆಹೊಸೂರಿಗೆ ಹೋದವಳು ಮರಳುವಾಗ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಿದ್ದಳಂತೆ. 'ಮಠದ ಅಜ್ಜಾರು ಕೊಟ್ರು' ಎಂದಿದ್ದಳು. ಅಜ್ಜಾರು ಕೊಟ್ಟದ್ದೆಂದ ಮೇಲೆ ಕೇಳುವವರು ಯಾರು? ಬೆತ್ತ ದೇವರ ಜಗಲಿ ಏರಿತು. ವಿಭೂತಿ, ಕುಂಕುಮ, ಸೋಮವಾರಕ್ಕೊಮ್ಮೆ ಹೂವು.

ಕಸ್ತೂರೆವ್ವ ಮದುವೆಯಾಗದೆಯೇ ಸತ್ತಳು. ಬೆತ್ತ ಉಳಿಯಿತು.

ಶಿವರಂಜನಿಗೆ ವರ ಬಂದಾಗಲೆಲ್ಲ, ಚಹಾದ ಕಪ್ಪು ಕೈಗೆ ಬರುವ ಮೊದಲೇ ಒಳಗೆ ಟಕ್! "ಅಜ್ಜಾರು ಒಲ್ಲೆ ಅಂದ್ರು" ಎಂದು ಗದಿಗೆವ್ವ ಕೈ ಮುಗಿಯುತ್ತಿದ್ದಳು. ಮುಂಡರಗಿಯ ಒಬ್ಬಾತ ಹಟ ಹಿಡಿದು ನಿಶ್ಚಯಕ್ಕೆ ದಿನ ನೋಡಿಸಿದ. ಅದೇ ವಾರ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡ. ಆಮೇಲೆ ಆ ಓಣಿಯ ಕಡೆ ಯಾರೂ ಹಾಯಲಿಲ್ಲ.

ತಾನು ಯಾರನ್ನು ಬಯಸಿದರೂ ಅವರಿಗೆ ಕೇಡು... ಈ ಮಾತು ಅವಳೊಳಗೆ ನೆಟ್ಟು ನಿಂತಿತ್ತು.

"ನಾ ನಂದೀಶ ಅಂತ್ರಿ, ಬೆಟಗೇರ್ಯಾವ," ಅಪರಿಚಿತ ಚೀಲದಿಂದ ತೆಳ್ಳನೆಯ, ನುಣುಪಾದ ಅರ್ಧ ಕೋಲೊಂದನ್ನು ಎಳೆದ. ಅದರ ಬುಡದಲ್ಲಿ ಹಿತ್ತಾಳೆಯ ತಿರುಪು ಹೊಳೆಯಿತು. "ಪೂಲ್, ಬಿಲಿಯರ್ಡ್ಸ್ ಆಡೋ ಹಳೇ ಕೋಲು ಕೂಡಿಸತೇನಿ. ಯಾರ ಕೈಯಾಗ ಇದ್ದವು ಅಂತ ಹುಡುಕತೇನಿ. ಇದು ಶಿರಹಟ್ಟ್ಯಾಗ ಒಂದ ಮನ್ಯಾಗ ಸೊಳ್ಳೆಪರದೆ ಕಟ್ಟೂ ಕೋಲಾಗಿತ್ತು! ಇದರ ತಿರುಪಿಗೆ ಕೂಡೂ ಇನ್ನರ್ಧ ಈ ಓಣ್ಯಾಗ ಐತಿ ಅಂತ ಆ ಮನ್ಯಾವ್ರು ಅಂದ್ರು..."

ಅವಳು ತಂಬಿಗೆ ಅವನ ಕೈಗಿಟ್ಟು ಬಾಗಿಲು ಹಾಕಿಕೊಂಡಳು.

ಒಳಗೆ ಬಂದು ಬೆತ್ತ ಎತ್ತಿದಳು. ಅದರ ಹಿತ್ತಾಳೆಯ ಬಾಯಿಯನ್ನು ಮೊದಲ ಸಲ ದಿಟ್ಟಿಸಿ ನೋಡಿದಳು. ವಿಭೂತಿ ಮೆತ್ತಿದ್ದ ಆ ಬಾಯೊಳಗೆ ಸುರುಳಿ ಸುರುಳಿಯಾಗಿ ಗೀರುಗಳಿದ್ದವು.

'ಯಾವ ಅಜ್ಜಾರ ಬೆತ್ತಕ್ಕೆ ತಿರುಪು ಇರುತ್ತದೆ?'

* * *

ಮರುದಿನ ಅವನು ಬಜಾರಿನ ಚಷ್ಮಾ ಅಂಗಡಿಗೇ ಬಂದ. ಅವಳು ಅಲ್ಲಿ ಗಾಜು ಕೂಡಿಸುವ ಕೆಲಸ ಮಾಡುತ್ತಿದ್ದಳು.

"ಚಷ್ಮಾ ಓರೆ ಆಗೇತ್ರಿ."

ಅವಳು ಫ್ರೇಮನ್ನು ಎತ್ತಿ, ಒಂದು ಕಣ್ಣು ಮುಚ್ಚಿ, ಕಡ್ಡಿಯ ಗುಂಟ ನೋಡಿದಳು. ಅವನು ನಕ್ಕುಬಿಟ್ಟ.

"ಯಾಕ್ರಿ?"

"ನಾನೂ ಕೋಲು ಹಿಂಗ ನೋಡತೇನ್ರಿ. ಎಲ್ಲಿ ಬಗ್ಗೇತಿ ಅಂತ ಒಂದ ಕಣ್ಣೀಲೆ ನೋಡಿದ್ರನ ಕಾಣತೈತಿ."

ಅವಳು ನಗಲಿಲ್ಲ. ಆದರೆ ಆ ದಿನವಿಡೀ ಗಾಜು ಒರೆಸುತ್ತ ಅವಳ ತುಟಿ ತಾನಾಗಿ ಸಡಿಲವಾಗುತ್ತಿತ್ತು.

ಅವನ ಚಷ್ಮಾ ಮತ್ತೆ ಮತ್ತೆ ಓರೆಯಾಯಿತು. ಜೊತೆಗೆ ಕೆಲಸ ಮಾಡುವ ಶಾಹಿಸ್ತಾ ಕೆಣಕಿದಳು: "ಆ ಅಣ್ಣ ಚಷ್ಮಾ ತಲಿದಿಂಬ ಮಾಡ್ಕೊಂಡು ಮಲಗತಾನೋ ಏನೋ! ನಿನ್ನ ಕೈಲೆ ಸೆಟ್ ಆಗೂದೊಂದ ಬಾಕಿ ಐತಿ ನೋಡವಾ."

"ಸುಮ್ನಿರ ಲೇ!" ಎಂದಳು ಶಿವರಂಜನಿ. ಮುಖ ಮಾತ್ರ ಬಿಸಿಯಾಗಿತ್ತು.

ಕೊನೆಗೊಂದು ದಿನ ಅವಳೇ ಬೆತ್ತದ ವಿಷಯ ತೆಗೆದಳು. ತನ್ನಲ್ಲೇ ಇದೆ ಎಂದಳು. ಮುಟ್ಟಲು ಕೊಡುವುದಿಲ್ಲ ಎಂದಳು. ಮತ್ತೆ... ಅದು ಯಾಕೆ ಬೀಳುತ್ತದೆ ಎಂಬುದನ್ನೂ, ತಲೆ ಎತ್ತದೆ, ಹೇಳಿಬಿಟ್ಟಳು.

ಅವನು ನಗಲಿಲ್ಲ. "ಬೆಟಗೇರಿಗೆ ಬಂದು ನನ್ನ ಅರ್ಧ ನೋಡ್ರಿ," ಎಂದ.

* * *

ಗಾಜು ತರಲು ಗದಗಿಗೆ ಹೋದ ದಿನ ಅವಳು ಬೆಟಗೇರಿಯಲ್ಲಿ ಅವನು ಪೂಲ್ ಆಡಿಸುವ ಅಂಗಡಿಗೆ ಹೋದಳು. ಹಿಂದಿನ ಕೋಣೆಯ ಗೋಡೆಯ ಗುಂಟ ಹಳೆಯ ಕೋಲುಗಳು ಸಾಲಾಗಿ ನಿಂತಿದ್ದವು. ಒಂದೊಂದರ ಕೊರಳಿಗೂ ಒಂದೊಂದು ಚೀಟಿ, ಚೀಟಿಯಲ್ಲಿ ಹಿಂದೆ ಆ ಕೋಲು ಹಿಡಿದವರ ಹೆಸರು.

ಯಾರದೋ ಮನೆಯ ಸಮಾರಂಭಕ್ಕೆ ತಡವಾಗಿ ಹೋದಾಗ ಎಲ್ಲರೂ ಒಮ್ಮೆಲೇ ತಿರುಗಿ ನೋಡುತ್ತಾರಲ್ಲ... ಹಾಗನಿಸಿತು ಅವಳಿಗೆ.

"ಇವರೆಲ್ಲಾ...?"

"ಮಣ್ಣಾಗ್ಯಾರ್ರಿ. ಹಿಡದ ಗುರುತು ಉಳದಾವು." ಅವನು ಒಂದು ಕೋಲು ಕೊಟ್ಟ. ಸವೆದ ಜಾಗದಲ್ಲಿ ಅವಳ ಅಂಗೈ ತಾನಾಗಿ ಕೂತಿತು. ಬಿಸಿಲೇ ಬೀಳದ ಆ ಕೋಣೆಯಲ್ಲಿ ಕೋಲು ಬೆಚ್ಚಗಿತ್ತು! ಅವಳು ಥಟ್ಟನೆ ಬಿಟ್ಟಳು.

ಅವನು ಶಿರಹಟ್ಟಿಯ ಅರ್ಧವನ್ನು ಮೇಜಿನ ಹಸಿರು ಬಟ್ಟೆಯ ಮೇಲೆ ಉರುಳಿಸಿದ. ಅದು ಉರುಳಿತು, ನಿಧಾನವಾಯಿತು, ತಿರುಗಿತು. ಹಿತ್ತಾಳೆಯ ತುದಿ ಅವಳತ್ತ ಮಾಡಿ ನಿಂತಿತು.

"ಆ ಕಡೆ ಹೋಗಿ ನಿಂದ್ರಿ."

ಅವಳು ಮೇಜಿನ ಇನ್ನೊಂದು ಬದಿಗೆ ಹೋದಳು. ಅವನು ಮತ್ತೆ ಉರುಳಿಸಿದ. ಮತ್ತೆ ಅವಳತ್ತಲೇ.

"ಮೇಜು ಓರೆ ಇರಬೇಕ್ರಿ..." ಎಂದಳು ಅವಳು.

ಅವನು ಗೌಂಡಿಗಳ ರಸಮಟ್ಟ ತಂದು ಮೇಜಿನ ಮೇಲಿಟ್ಟ. ಗಾಜಿನೊಳಗಿನ ಗುಳ್ಳೆ ನಟ್ಟನಡುವೆ ಕದಲದೆ ನಿಂತಿತು.

"ನಿಮಗ ಅಂಜಿಕಿ ಬರಂಗಿಲ್ಲೇನ್ರಿ?"

"ಬರತೈತ್ರಿ! ಅದಕ್ಕ ಒಬ್ಬನ ಇದರ ಕೂಡ ಇರಲಾರದ ನಿಮ್ಮನ್ನ ಕರದೆ."

ಆ ಹೆದರಿಕೆಯಲ್ಲೂ ಇಬ್ಬರಿಗೂ ನಗು ಬಂತು. ನಗು ನಿಂತಾಗ ಅವಳ ಕೈ ಅವನ ಕೈಯಲ್ಲಿತ್ತು. ಯಾರು ಮೊದಲು ಹಿಡಿದರೋ, ಇಬ್ಬರಿಗೂ ತಿಳಿಯಲಿಲ್ಲ.

* * *

ಆ ಕೋಲು ಬಲ್ಲವನೊಬ್ಬ ಮುಂಡರಗಿಯಲ್ಲಿ ಬದುಕಿದ್ದ. ಯಮನೂರಸಾಬ. ಒಂದು ಕಾಲಕ್ಕೆ ಗದಗಿನ ಕ್ಲಬ್ಬಿನಲ್ಲಿ ಬಿಲಿಯರ್ಡ್ಸ್ ಆಟದ ಅಂಕ ಕೂಗುತ್ತಿದ್ದ ಮಾರ್ಕರ್. ಈಗ ಎರಡೂ ಕಣ್ಣಿಗೆ ಪೊರೆ. ಇಬ್ಬರೂ ಅವನಲ್ಲಿಗೆ ಹೋದಾಗ ಮುದುಕ ಕೋಲನ್ನು ತುದಿಯಿಂದ ತಿರುಪಿನತನಕ ಬೆರಳಿನಿಂದ ಸವರಿದ.

"ಈಶಪ್ಪ ಧಣೀದು," ಎಂದ ಕೊನೆಗೆ. "ಶಿರಹಟ್ಟಿಯವ್ರು. ಬಾಳೆಹೊಸೂರಾಗ ಲಕ್ಷ್ಮೇಶ್ವರದ ಒಬ್ಬ ಹುಡುಗೀನ ಕಂಡು ಮರುಳಾದ್ರು. ಕೋಲು ಬಿಚ್ಚಿ ಬುಡದ ಅರ್ಧ ಆಕಿ ಕೈಯಾಗ ಕೊಟ್ರು. 'ನಾ ಬಂದು ಕೇಳೂತನಕ ಇಟಗೋ' ಅಂದ್ರು."

"ಹೋಗಿ ಕೇಳಲಿಲ್ಲೇನ್ರಿ?" ಶಿವರಂಜನಿ ಮುಂದೆ ಬಾಗಿದಳು.

"ಹೋದ್ವಲ್ಲವಾ! ಹಿರೇರ ಜೋಡಿ ನಾನೂ ಹೋಗಿದ್ದೆ. ಪಡಸಾಲ್ಯಾಗ ಕುಂತಿದ್ವಿ. ಇನ್ನೂ ಹೆಸರು ಸೈತ ಹೇಳಿದ್ದಿಲ್ಲ. ಒಳಗ ಟಕ್ ಅಂತು. ಧಣಿ ಮಾರಿ ಸುಣ್ಣ ಆತು. 'ನನ್ನ ಕೋಲು... ಒಗದ್ಲು' ಅಂದ್ರು. ಆ ಹಿತ್ತಾಳಿ ಸಪ್ಪಳ ಅವ್ರಿಗೆ ಗೊತ್ತಾಗಲಾರದ ಇರತೈತೇನು? ಎದ್ದು ಬಂದಬಿಟ್ರು."

"ಆಮ್ಯಾಲ?"

"ಬರೇ ಈ ಅರ್ಧ ಹಿಡದು ಆಡತಿದ್ರು. ಮೇಜಿಗೆ ಎದಿ ಹಚ್ಚಿ, ಡೊಗ್ಗಾಲೂರಿ... ನೋಡಾಕ ಆಗತಿದ್ದಿಲ್ಲ. ಬಾಳ ದಿನ ಬದುಕಲಿಲ್ಲವಾ."

ಮರಳುವ ಬಸ್ಸಿನಲ್ಲಿ ಇಬ್ಬರೂ ಮುಂದಿನ ಸೀಟಿನಲ್ಲಿ ಕುಳಿತಿದ್ದರು. ಡಂಬಳದ ಕೆರೆ ಹೊಳೆಯುತ್ತ ಹಿಂದೆ ಸರಿಯುವಾಗ ಕಂಡಕ್ಟರ್ ಬಂದು, "ಹಿಂದ ಕುಂತ ಅಮ್ಮಾರು ನಿಮ್ಮ ಕಡ್ಯಾವ್ರೇನ್ರಿ?" ಎಂದ.

ಇಬ್ಬರೂ ತಿರುಗಿದರು. ಸೀಟು ಖಾಲಿ. ಕಂಡಕ್ಟರನೂ ಕಣ್ಣುಜ್ಜಿಕೊಂಡ.

ಬಿಸಿಗಾಳಿಯಲ್ಲಿ ವಿಭೂತಿಯ ವಾಸನೆಯಿತ್ತು.

* * *

ಸಂಜೆ ಅವಳು ಅಜ್ಜಿಯ ಬಳಿ ಕುಳಿತಳು.

"ಆಯಿ, ಕಸ್ತೂರಾಯಿನ್ನ ನೋಡಾಕ ಬಂದಾಗೂ ಬೆತ್ತ ಬೀಳತಿತ್ತೇನ?"

"ಬೀಳತಿತ್ತವ್ವ. ಯಾರ ಬಂದ್ರೂ."

"ನಿನ್ನ ನೋಡಾಕ ಬಂದಾಗ?"

"ಇಲ್ಲ! ನನಗ ಗಂಡು ನೋಡಿ ಈ ಮನಿಗೆ ಮನಿ ಅಳಿಯನ್ನ ತಂದ ದಿನ ಅಕ್ಕ ಬೆತ್ತಾ ತೊಡಿಮ್ಯಾಲ ಇಟಗೊಂಡ ಕುಂತಿದ್ಲು."

ಶಿವರಂಜನಿಗೆ ಆಗ ಹೊಳೆಯಿತು. ಬೆತ್ತ ತಾನಾಗಿ ಬೀಳುತ್ತಿರಲಿಲ್ಲ, ಕಸ್ತೂರೆವ್ವ ಬೀಳಿಸುತ್ತಿದ್ದಳು! ಬಂದ ವರರನ್ನು ಅಜ್ಜಾರ ಹೆಸರಲ್ಲಿ ಹಿಂದೆ ಕಳಿಸಲು. ಕರೆಯುವತನಕ ಹುಡುಗಿ ಹೊರಗೆ ಬರುವಂತಿಲ್ಲ. ಹೀಗಾಗಿ ಬಂದವರು ಯಾರೆಂದು ನೋಡದೆ, ಗಂಡಸರ ದನಿ ಕೇಳಿದ್ದೇ ತಡ, ಕೈ ಬಿಟ್ಟಿದ್ದಳು... ಈಶಪ್ಪ ಬಂದ ದಿನವೂ!

ಅವಳು ನಂದೀಶನಿಗೆ ಫೋನು ಮಾಡಿ ಎಲ್ಲ ಹೇಳಿದಳು.

"ಹಂಗಾದ್ರ ಆಕಿ ಒಲ್ಲೆ ಅಂದಿದ್ದು ಈಶಪ್ಪನಿಗೆ ಅಲ್ಲ..." ಎಂದ ಅವನು. "ನಾ ಆಮ್ಯಾಲ ಮಾತಾಡತೇನ್ರಿ."

ಆ 'ಆಮ್ಯಾಲ' ಬರಲೇ ಇಲ್ಲ.

ವಾರಗಳು ಸರಿದವು. ಅವನ ಚಷ್ಮಾ ಓರೆಯಾಗಲಿಲ್ಲ. ಫೋನು ಎತ್ತಲಿಲ್ಲ. ಶಾಹಿಸ್ತಾ ಕೆಣಕುವುದನ್ನು ಬಿಟ್ಟಳು. ಅದು ಇನ್ನೂ ನೋವು ತಂದಿತು.

'ಹೆಸರು ಸಿಕ್ಕಿತು. ಕತೆ ಸಿಕ್ಕಿತು. ಚೀಟಿ ಕಟ್ಟಿ ಗೋಡೆಗೆ ನಿಲ್ಲಿಸಿದ. ನಾನೂ ಆ ಗೋಡೆಯ ಇನ್ನೊಂದು ಕೋಲು...'

* * *

"ರಂಜೂ, ನಾಳಿ ನಿನ್ನ ನೋಡಾಕ ಬರಾಕತ್ತಾರ," ಎಂದಳು ಗದಿಗೆವ್ವ ಒಂದು ದಿನ.

"ಯಾರ?"

ಅಜ್ಜಿ ದೇವರ ಮನೆಯತ್ತ ಕಣ್ಣು ಹಾಯಿಸಿ ಬಾಯಿಗೆ ಬೆರಳಿಟ್ಟಳು. ಹೇಳಲೇ ಇಲ್ಲ!

ಮರುದಿನ ನಡುಮಧ್ಯಾಹ್ನ. ಪಡಸಾಲೆಯಲ್ಲಿ ಅಪ್ಪ ದೇವೇಂದ್ರಪ್ಪ, "ಬರ್ರಿ, ಕುಂಡ್ರಿ" ಎನ್ನುವುದು ಕೇಳಿಸಿತು. ಶಿವರಂಜನಿ ದೇವರ ಮನೆಗೆ ಹೋಗಿ ಕದ ಮುಚ್ಚಿದಳು. ಜಗಲಿಯಿಂದ ಬೆತ್ತ ಇಳಿಸಿದಳು.

ಈ ಸಲ ಅದು ಬೀಳುವತನಕ ಕಾಯುವುದಿಲ್ಲ. ತಾನೇ ಬೀಳಿಸುತ್ತಾಳೆ. ನಂದೀಶನಲ್ಲದ ಮೇಲೆ ಯಾರಾದರೇನು?

ಹೊರಗೆ ಗಂಡಸರ ದನಿ ಎದ್ದಿತು.

ಆಗ ಬೆತ್ತ ಭಾರವಾಯಿತು. ಕೊಡದ ತುಂಬ ನೀರು ಸೇದುವಾಗ ಹಗ್ಗ ಜಗ್ಗುವ ಹಾಗೆ ನೆಲದತ್ತ ಜಗ್ಗತೊಡಗಿತು. ಅವಳ ಬೆರಳುಗಳ ಮೇಲೆ ತಣ್ಣನೆಯ ಬೆರಳುಗಳು ಕೂತಂತಾಯಿತು. ಒಂದೊಂದಾಗಿ ಅವಳ ಹಿಡಿತವನ್ನು ಬಿಡಿಸುತ್ತಿದ್ದವು. ತಾಳ್ಮೆಯಿಂದ. ಬಹುಕಾಲ ಇದೊಂದೇ ಕೆಲಸ ಮಾಡಿ ರೂಢಿಯಾದವರಂತೆ.

ಬೀಳಿಸಬೇಕೆಂದು ಬಂದವಳು ಈಗ ಎರಡೂ ಕೈಯಿಂದ ಬೆತ್ತ ಎದೆಗೊತ್ತಿ ಹಿಡಿದಳು. ಮತ್ತು ಥಟ್ಟನೆ ಅವಳಿಗೆ ಅಳು ಬಂತು. ತನಗಾಗಿ ಅಲ್ಲ.

"ಕಸ್ತೂರಾಯಿ," ಎಂದು ಪಿಸುಗುಟ್ಟಿದಳು. "ಅವತ್ತ ನೀ ನೋಡಲಾರದ ಬಿಟ್ಟಿ. ಬ್ಯಾರೆ ಯಾರರ ಇದ್ರ ನಾನ ಬಾಯಿಬಿಟ್ಟ ಒಲ್ಲೆ ಅಂತೇನಿ. ಒಮ್ಮಿ... ಒಮ್ಮಿ ನೋಡೂನು ಬಾ."

ಜಗ್ಗುವುದು ನಿಂತಿತು.

ಅವಳು ಕದ ತೆರೆದಳು. ಯಾರೂ ಕರೆದಿರಲಿಲ್ಲ. ಕೆದರಿದ ಕೂದಲು, ಅತ್ತ ಕಣ್ಣು, ಕೈಯಲ್ಲಿ ವಿಭೂತಿಯ ಬೆತ್ತ... ಹಾಗೆಯೇ ಪಡಸಾಲೆಗೆ ನಡೆದಳು. ಹಿರಿಯರ ಮಾತು ನಿಂತಿತು.

ಕಂಬದ ಬಳಿ, ತೊಡೆಯ ಮೇಲೆ ಅರ್ಧ ಕೋಲು ಇಟ್ಟುಕೊಂಡು ಕುಳಿತಿದ್ದವನು ತಲೆ ಎತ್ತಿದ.

ನಂದೀಶ!

"ನೀವು... ಒಂದ ಮಾತ ಹೇಳಾಕ ಏನಾಗಿತ್ತರಿ?" ಎಲ್ಲರ ಮುಂದೆಯೇ ಅವಳ ದನಿ ಒಡೆಯಿತು.

"ನಮ್ಮ ಮುತ್ತಣ್ಣ ಕಾಕಾ, ಹಿರೇರ ಮಾತ ಮುಗಿಯೂತನಕ ಹುಡುಗಿ ಕೂಡ ಮಾತಾಡಬ್ಯಾಡ ಅಂದ್ರು. ಆದ್ರ ನನ್ನ ಹೆಸರ ನಿಮಗ ಹೇಳ್ರಿ ಅಂತ ನಿಮ್ಮ ಆಯಿಗೆ ಹೇಳಿ ಕಳಿಸಿದ್ದೆನಲ್ರಿ!"

ಎಲ್ಲರೂ ಗದಿಗೆವ್ವನತ್ತ ತಿರುಗಿದರು.

"ಹ್ಯಾಂಗ ಹೇಳಲಿ?" ಮುದುಕಿ ಸಿಟ್ಟಿಗೆದ್ದಳು. "ಹೇಳಿದ್ರ ಬೆತ್ತಕ್ಕೂ ಕೇಳಸತಿತ್ತಲ್ಲ!"

ಮುತ್ತಣ್ಣನ ನಗುವಿಗೆ ಚಹಾ ನೆತ್ತಿಗೇರಿತು. ಶಿವರಂಜನಿ ಮಾತ್ರ ನಗಲಿಲ್ಲ. ಅವಳು ಹೋಗಿ ನಂದೀಶನ ಎದುರು ನೆಲದ ಮೇಲೆ ಕುಳಿತಳು.

ಅವನು ತಿರುಪು ಕೂಡಿಸಲು ನೋಡಿದ. ಕೂಡಲಿಲ್ಲ. ಹಿತ್ತಾಳೆಯ ಬಾಯಿಯಲ್ಲಿ ವರ್ಷಗಟ್ಟಲೆಯ ವಿಭೂತಿ ಗಟ್ಟಿಯಾಗಿತ್ತು. ಅವಳು ಗೂಟಕ್ಕೆ ತೂಗುತ್ತಿದ್ದ ತನ್ನ ಚೀಲದಿಂದ ಚಷ್ಮಾದ ತಿರುಪು ಬಿಗಿಯುವ ಸಣ್ಣ ಸ್ಕ್ರೂಡ್ರೈವರ್ ತೆಗೆದು ಸುರುಳಿಯ ಗುಂಟ ನಿಧಾನವಾಗಿ ಕೆರೆದಳು. ಬೂದಿ ಅವಳ ಸೀರೆಯ ಮೇಲೆ, ಅವನ ಪಾದದ ಮೇಲೆ ಉದುರಿತು.

ಈಗ ಇಬ್ಬರೂ ಕೂಡಿ ತಿರುಗಿಸಿದರು. ಕೋಲು ಪೂರಾ ಆಯಿತು.

ಅವನು ಒಂದು ತುದಿಯಿಂದ, ಅವಳು ಇನ್ನೊಂದು ತುದಿಯಿಂದ, ಒಂದೊಂದು ಕಣ್ಣು ಮುಚ್ಚಿ ಕೋಲಿನ ಗುಂಟ ನೋಡಿದರು. ಎಲ್ಲೂ ಬಗ್ಗಿರಲಿಲ್ಲ. ಆ ತುದಿಯಲ್ಲಿ ಅವನ ಕಣ್ಣು ತುಂಬಿತ್ತು.

ದೇವರ ಮನೆಯಲ್ಲಿ, ಖಾಲಿ ಜಗಲಿಯ ಎದುರು, ಗಾಳಿಯಿಲ್ಲದೆಯೂ ದೀಪದ ಕುಡಿ ಯಾರೋ ನಿಟ್ಟುಸಿರಿಟ್ಟಂತೆ ಒಮ್ಮೆ ಬಾಗಿ ನೆಟ್ಟಗಾಯಿತು. ಅವಳು ಮಾತ್ರ ನೋಡಿದಳು.

"ನಿಮಗ ಕೇಡಾದ್ರ?" ಎಂದಳು ಮೆಲ್ಲಗೆ. "ಇದು ಮತ್ತ ಬಿದ್ರ?"

"ಬೀಳಲಿ ಬಿಡ, ರಂಜೂ," ಎಂದ ಅವನು. "ಎತ್ತಾಕ ಈಗ ಇಬ್ರು ಅದೇವಲ್ಲ."