ಕೂಗದ ಸೈರನ್

"ಕ್ಯಾಚ್ ಬ್ಲಾಕಿನಾಗ ಸೈರನ್ ಸಾಲು ನಾನೇ ಬರ್ದೇನ್ರಿ ಮೇಡಂ! ಖರೇನೇ ಬರ್ದೇನ್ರಿ!" ಎಂದು ಅಳುತ್ತ ಭಾಗ್ಯಜ್ಯೋತಿ ಪ್ರಮಿಲಾ ಮೇಡಂ ಅವರ ಪಡಸಾಲೆಯಲ್ಲಿ ಕುಸಿದಳು. ಜೊತೆಗೆ ಬಂದಿದ್ದ ಪಾಲುದಾರ ಸುಧೀರ, "ಸಮಾಧಾನ ಮಾಡ್ಕೋ ತಂಗಿ, ನಾ ಇದ್ದೇನಲ್ಲ," ಎಂದ.

ಆಳಂದದ ಗುರುಶಾಂತಪ್ಪನವರ ಲಸಿಕೆ ಗೋದಾಮಿನ ಶೀತಕೋಣೆಗೆ ಇವರಿಬ್ಬರ ಜಾವಾ ಪ್ರೋಗ್ರಾಮೇ ಕಾವಲು. ಸೆನ್ಸರ್ ಕೈಕೊಟ್ಟರೆ ಪ್ರೋಗ್ರಾಮ್ ಎಕ್ಸೆಪ್ಶನ್ ಎಂಬ ದೋಷಸೂಚನೆ ಎಸೆಯಬೇಕು, ಕ್ಯಾಚ್ ಬ್ಲಾಕ್ ಎಂಬ ಸಾಲುಗಳ ಗುಂಪು ಅದನ್ನು ಹಿಡಿದು ಸೈರನ್ ಕೂಗಿಸಬೇಕು. ಆದರೆ ಇಲಿ ಸೆನ್ಸರಿನ ವೈರ್ ಕಡಿದರೂ ಸೈರನ್ ಕೂಗಲಿಲ್ಲ. ಆಮೇಲೆ ಕಂಪ್ರೆಸರ್ ನಿಂತಾಗಲೂ ಪರದೆ ಹಳೆಯ ತಾಪಮಾನವನ್ನೇ ತೋರಿಸುತ್ತಿತ್ತು. ದನಗಳ ಲಸಿಕೆಯೆಲ್ಲ ಹಾಳು! ಗುರುಶಾಂತಪ್ಪ ಕೋಣೆಗೆ ಬೀಗ ಜಡಿದು, ಸೈರನ್ ಭಾಗ ಬರೆದ ಭಾಗ್ಯಜ್ಯೋತಿಯ ಮೇಲೆ ಪೊಲೀಸ್ ದೂರಿಗೆ ಸಿದ್ಧರಾಗಿದ್ದರು.

ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸಿ ನಿವೃತ್ತರಾದ ಮೇಡಂಗೆ ಈಗ ಊರವರ ಇಂಥ ತೊಡಕು ಬಿಡಿಸುವುದೇ ಕೆಲಸ. ಅವರನ್ನು ಸ್ಕೂಟರಿನಲ್ಲಿ ಕರೆದೊಯ್ಯುವುದು ದೌಲತರಾಯನಾದ ನನ್ನ ಕೆಲಸ. ನಾವಿಬ್ಬರೇ ಬೀಗ ತೆಗೆಸಿ ನೋಡಿದೆವು. ಒಳಗಿದ್ದ ಕಂಪ್ಯೂಟರಿನಲ್ಲಿ ಕ್ಯಾಚ್ ಬ್ಲಾಕ್ ಖಾಲಿ! ದೋಷವನ್ನು ಹಿಡಿದು ಸದ್ದಿಲ್ಲದೆ ನುಂಗುತ್ತಿತ್ತು. ಅದರ ಪಾಸ್‌ವರ್ಡ್ ಗೊತ್ತಿದ್ದದ್ದು ಭಾಗ್ಯಜ್ಯೋತಿ, ಸುಧೀರ ಮತ್ತು ಗೋದಾಮಿನ ಮ್ಯಾನೇಜರ್ ಕಲ್ಯಾಣಕುಮಾರನಿಗೆ.

"ಕಲ್ಯಾಣಕುಮಾರಂದೇ ಕೆಲಸ ಬಿಡ್ರಿ. ಸೈರನ್ ಅಂದ್ರ ತಲಿನೋವು ಅಂತಿದ್ದ," ಎಂದೆ.

"ಬಾಯಿ ಮುಚ್ಕೊಂಡಿರು ದೌಲತರಾಯ. ಖಾಲಿ ಅದ ಅಂತ ಯಾರ ಮುಂದೂ ಅನ್ನಬ್ಯಾಡ."

ಮರುದಿನ ಮೇಡಂ ಎಲ್ಲರನ್ನೂ ಗೋದಾಮಿನಲ್ಲಿ ಸೇರಿಸಿದರು. "ಹಳೇ ಸೈರನ್ ಸುಟ್ಟಿತ್ತು, ಹೊಸಾದು ಹಾಕಿಸೇನಿ. ಇಲಿ ಕಡಿದ ವೈರೂ ಜೋಡಿಸೇನಿ. ನೋಡ್ರಿ," ಎನ್ನುತ್ತ ಸೆನ್ಸರಿನ ವೈರ್ ಕಿತ್ತರು. ಗುರುಶಾಂತಪ್ಪ, ಕಲ್ಯಾಣಕುಮಾರ, ಭಾಗ್ಯಜ್ಯೋತಿ ಮೂವರೂ ತಟ್ಟನೆ ಕಿವಿ ಮುಚ್ಚಿಕೊಂಡರು. ಸುಧೀರ ಮಾತ್ರ ಕೈಕಟ್ಟಿಕೊಂಡೇ ನಿಂತಿದ್ದ. ಸೈರನ್ ಕೂಗಲಿಲ್ಲ.

"ಸೈರನ್ ಸುಟ್ಟಿರಲೇ ಇಲ್ಲ, ಸುಳ್ಳು ಹೇಳ್ದೆ," ಎಂದರು ಮೇಡಂ. "ಕ್ಯಾಚ್ ಬ್ಲಾಕ್ ಖಾಲಿ ಅದ. ಅದು ಗೊತ್ತಿಲ್ಲದವರು ಕಿವಿ ಮುಚ್ಕೊಂಡ್ರು. ಕೂಗಂಗಿಲ್ಲ ಅಂತ ನಿನಗ ಹ್ಯಾಂಗ ಗೊತ್ತಾತೋ ಸುಧೀರ?"

ಸುಧೀರನ ಮುಖ ಇಳಿಯಿತು. "ಕರೆಂಟ್ ಹೋಗಿ ಬಂದ್ರ ಸಾಕು, ಸೈರನ್ ಬಡ್ಕೋತಿತ್ರಿ. ಮಾಲಕರು ಪ್ರೋಗ್ರಾಮೇ ಬ್ಯಾಡ ಅಂದಾರು ಅಂತ ಡೆಮೊ ದಿನ ಆ ಸಾಲು ತೆಗ್ದೆ. ಮತ್ತ ಹಾಕ್ಲಿಲ್ಲ. ಪೊಲೀಸ್ ಅಂದಕೂಡ್ಲೇ ಹೆದರಿದೆ."

ಅಯ್ಯೋ ಪಾಪಿ! ತಂಗಿ, ತಂಗಿ ಎನ್ನುತ್ತಲೇ ಅವಳ ಕುತ್ತಿಗೆ ಕೊಯ್ದಿದ್ದ. ನನ್ನ ಮೈ ಉರಿಯಿತು.

"ತಪ್ಪು ಮಾಡಿದ್ದಕ್ಕ ನಾ ಸಿಟ್ಟಾಗ್ತಿರಲಿಲ್ಲ," ಎಂದಳು ಭಾಗ್ಯಜ್ಯೋತಿ. "ಊರೆಲ್ಲ ನನಗ ಬೈಯೂವಾಗ ಬಾಜೂಕೇ ಕುಂತು ಕೇಳ್ದ್ಯಲ್ಲೋ! ಹ್ಯಾಂಗರೆ ಮನಸ್ಸು ಬಂತು?"

ಗುರುಶಾಂತಪ್ಪ ಗಂಟಲು ಸರಿಮಾಡಿಕೊಂಡರು. "ಹಂಗಾರ ದೂರಿನಾಗ ಇವನ ಹೆಸರು ಹಾಕ್ಲೇನವ್ವಾ?"

ಸುಧೀರ ಆಸೆಯಿಂದ ಅವಳ ಮುಖ ನೋಡಿದ. ಅವಳು ಗುರುಶಾಂತಪ್ಪನವರ ಕಡೆ ತಿರುಗಿದಳು.

"ಹಾಕ್ರಿ. ಸಾಕ್ಷಿ ನಾನೇ ಹೇಳ್ತೇನಿ."