ಎರಡು ಮುದ್ರೆಯ ಮರ

“ಆ ಸುತ್ತಿಗಿ ಕೆಳಗ ಇಡ್ರಿ!”

ಶಿಕ್ಷಕಿ ಗಿರಿಜಾಬಾಯಿಯ ಧ್ವನಿಗೆ ಅರಣ್ಯ ಇಲಾಖೆಯ ಗಾರ್ಡ್ ನಾಗಲಿಂಗಪ್ಪ ಬೆಚ್ಚಿ ತಿರುಗಿದ. ಕಡಿಯಬೇಕಾದ ಮರದ ಬುಡಕ್ಕೆ ಸರಕಾರಿ ಮುದ್ರೆ ಒತ್ತುವ ಸುತ್ತಿಗೆ ಅವನ ಕೈಯಲ್ಲಿತ್ತು.

ಅದೇ ಮರದ ಪೊಟರೆಯೊಳಗೆ ಹೆಣ್ಣು ಮಂಗಟ್ಟೆ ಹಕ್ಕಿ, ಬಾಗಿಲಿಗೆ ಮಣ್ಣು ಮೆತ್ತಿಕೊಂಡು ಮೊಟ್ಟೆಗೆ ಕುಳಿತಿತ್ತು. ಗಂಡುಹಕ್ಕಿ ಸಣ್ಣ ಸೀಳಿನಿಂದ ಅತ್ತಿಹಣ್ಣು ಉಣಿಸುತ್ತಿತ್ತು.

“ಒಳಗ ಬಾಣಂತಿ ಕುಂತೈತಿ! ಅಭಯಾರಣ್ಯ ಅಂತ ಹಲಗಿ ಬರದು, ಇದೇನ್ರಿ ಅನ್ಯಾಯ?”

“ಅಕ್ಕೋರ, ಸ್ವಲ್ಪ ಕೇಳ್ರಿ…”

“ಕೊಲಿಗಾರರ ಮಾತು ನಾ ಕೇಳಾಂಗಿಲ್ಲ!”

ಅವನು ಬುಡದಲ್ಲಿದ್ದ ಹಳೆಯ ಮುದ್ರೆಯ ಮೇಲೆಯೇ ಏಟು ಹಾಕಿಬಿಟ್ಟ.

ಅಂಬೇವಾಡಿ ಶಾಲೆಯ ಮಕ್ಕಳಿಗೆ ಜಿಂಕೆಯ ಹೆಜ್ಜೆ ತೋರಿಸುತ್ತಿದ್ದವನು ಇವನೇನಾ? ಎರಡು ವರ್ಷದಿಂದ ತಾನು ಒಳಗೊಳಗೇ ಮೆಚ್ಚಿದ್ದವನು!

ಅಂದೇ ಅರಣ್ಯಾಧಿಕಾರಿಗೆ ಅವನ ಮೇಲೆ ಅರ್ಜಿ ಬರೆದಳು. ವಾರದೊಳಗೆ ನಾಗಲಿಂಗಪ್ಪನನ್ನು ದೂರದ ಅನಮೋಡದ ತಪಾಸಣೆ ನಾಕಾಕ್ಕೆ ವರ್ಗ ಮಾಡಿದರು.

ನ್ಯಾಯ ಸಿಕ್ಕಿತ್ತು. ಆದರೂ ಮನಸ್ಸಿಗೆ ನೆಮ್ಮದಿಯಿಲ್ಲ… ಭಾನುವಾರ ಕಾಡಿಗೆ ಹೋದಳು. ಸುತ್ತಲಿನ ಸಾಗುವಾನಿಗಳು ಉರುಳಿದ್ದವು. ಮಂಗಟ್ಟೆಯ ಮರ ಮಾತ್ರ ನಿಂತಿತ್ತು.

ಮರ ಕಡಿಯುವ ಅಂದಾನೆಪ್ಪ ನಕ್ಕ. “ಒಂದು ಮುದ್ರಿ ಇದ್ರ ಕಡೀಬೇಕ್ರಿ. ಅದರ ಮ್ಯಾಲ ಇನ್ನೊಂದು ಬಿತ್ತಂದ್ರ ಮುಟ್ಟಾಂಗಿಲ್ಲ. ಸಾಹೇಬರ ಕೂಡ ಹದಿನೈದು ದಿನ ಗುದ್ದಾಡಿ ಗಾರ್ಡ್ ಈ ಮರಾ ಉಳಿಸ್ಯಾರ. ಆ ಸಿಟ್ಟಿನಾಗಿದ್ದ ಸಾಹೇಬರಿಗೆ ನಿಮ್ಮ ಅರ್ಜಿ ಒಂದು ನೆಪಾ ಆತು. ನೀವು ಸಾಲಿ ಕಲಿಸಾವ್ರು, ಒಂದು ಮಾತು ಕೇಳಾಕ ಏನಾಗಿತ್ರಿ?”

ಅವಳು ನಾಚಿಕೆಯಿಂದ ಕುಗ್ಗಿದಳು. ತಪ್ಪು ಒಪ್ಪಿಕೊಳ್ಳಿರೆಂದು ಮಕ್ಕಳಿಗೆ ಬೋಧಿಸುವವಳು ತಾನೇ ಮುಖ ಮರೆಸಿಕೊಂಡರೆ, ಆ ಬೋಧನೆಗೆ ಏನು ಬೆಲೆ?

ಮರುದಿನ ಅಧಿಕಾರಿಯ ಮುಂದೆ ನಿಂತು ತನ್ನ ತಪ್ಪನ್ನು ಸಿಬ್ಬಂದಿಯೆಲ್ಲ ಕೇಳುವಂತೆ ಹೇಳಿದಳು. ವರ್ಗ ರದ್ದಾಯಿತು. ಆದೇಶ ಹಿಡಿದು ಅವನ ಮನೆಗೆ ಹೋದಾಗ ನಾಗಲಿಂಗಪ್ಪ ಟ್ರಂಕಿಗೆ ಹಗ್ಗ ಬಿಗಿಯುತ್ತಿದ್ದ.

“ಅವತ್ತ ಯಾಕ ಹೇಳಲಿಲ್ರಿ?”

“ಹೇಳಾಕ ಬಿಟ್ಟಿದ್ರ ಹೇಳ್ತಿದ್ದೆ.”

“ತಪ್ಪಾತು… ಇನ್ನೊಂದು ಅರ್ಜಿ ಐತಿ. ಬಾಯಿಲೆ ಹೇಳ್ತೇನಿ.”

“ಮತ್ತ ಯಾರ ಮ್ಯಾಲ್ರಿ?”

“ನಿಮ್ಮ ಮ್ಯಾಲ! ಎರಡು ವರ್ಷಾತು, ನನ್ನ ಮನಸ ಏನೈತಿ ಅಂತ ಕೇಳಲಿಲ್ಲ. ಬರೇ ಜಿಂಕಿ ಹೆಜ್ಜಿ ತೋರಿಸಾಕ ಹತ್ತೀರಿ!”

ಅವನ ಕೈಯಿಂದ ಹಗ್ಗ ಜಾರಿತು.

“ನಾಳೇನ ಹಳಿಯಾಳಕ್ಕ ನಿಮ್ಮ ಮನಿಗೆ ಬಂದು ನಿಮ್ಮ ಅಪ್ಪಾರನ್ನ ಕೇಳ್ತೇನ್ರಿ. ಆದ್ರ… ಮದಿವ್ಯಾದ ಮ್ಯಾಲ ನನ್ನ ಮಾತು ಮುಗಿಯೂತನಕ ಕೇಳ್ತೀರೇನು?”

“ಕೇಳ್ತೇನಿ.” ಅವಳು ಕಣ್ಣೊರೆಸಿಕೊಂಡು ನಕ್ಕಳು. “ಆದ್ರ ಆ ಹಕ್ಕಿಯಂಗ ನಾ ಪೊಟರ್ಯಾಗ ಕೂಡಾಂಗಿಲ್ಲ. ಸಾಲಿ ಬಿಡಾಂಗಿಲ್ಲ.”

“ಬಿಡಬ್ಯಾಡ್ರಿ. ಸಾಲಿಗೇ ಬುತ್ತಿ ತರ್ತೇನಿ.”